ಕುಕ್ಕರ್ ಕೂಗಿದ ದೇವರ ಮನೆ

ಎಂಬತ್ತರ ದಶಕದ ಆರಂಭದಲ್ಲಿ ಮದುವೆಯಾಗಿ ಚಾಮರಾಜಪೇಟೆಯ ಮನೆಗೆ ಬಂದಾಗ ನನಗೆ ಸೀರೆ, ಒಡವೆ ಯಾವುದರ ಆಸೆಯೂ ಇರಲಿಲ್ಲ. ಬೇಕಿದ್ದದ್ದು ಈರುಳ್ಳಿ. ತವರಿನಲ್ಲಿ ಅದಿಲ್ಲದೆ ಒಲೆಯೇ ಹತ್ತುತ್ತಿರಲಿಲ್ಲ. ಇಲ್ಲಿ ಅತ್ತೆ ಅದನ್ನು ಹೊಸ್ತಿಲು ದಾಟಲು ಬಿಡುತ್ತಿರಲಿಲ್ಲ. ನನ್ನ ಸಪ್ಪೆ ಮುಖ ನೋಡಲಾರದೆ ನಮ್ಮ ಯಜಮಾನರು ಮಹಡಿಯ ಮೇಲೊಂದು ಕೋಣೆ, ಪುಟ್ಟ ಅಡುಗೆಮನೆ ಕಟ್ಟಿಸಲು ಹೊರಟರು.

"ಅಡುಗೆಮನೆ ಅಂತ ಮಾತ್ರ ಅನ್ಬೇಡಿ ಸಾರ್," ಎಂದರು ನಮ್ಮ ಬೀದಿಯ ಮೇಸ್ತ್ರಿ. "ಎರಡನೇ ಒಲೆ ಕಂಡ್ರೆ ಕಾರ್ಪೊರೇಷನ್‌ನೋರು ಎರಡನೇ ಮನೆ ಅಂತ ಬರ್ಕೊಂಡು ಡೆವಲಪ್‌ಮೆಂಟ್ ಚಾರ್ಜ್ ಹಾಕ್ತಾರೆ. ಅದನ್ನ ಕಟ್ಟಿದ್ರೆ ತಾರಸಿ ಹಾಕ್ಸೋಕೆ ನಿಮ್ಹತ್ರ ಏನೂ ಉಳಿಯಲ್ಲ. ದೇವರ ಮನೆ ಅನ್ನಿ."

ಆ ಚಾರ್ಜಿಗೆ ಹೆದರಿ ಅರ್ಧ ಜನ ಕಟ್ಟಿಸುವುದನ್ನೇ ಬಿಟ್ಟಿದ್ದರಂತೆ. ಮೇಸ್ತ್ರಿಗೆ ಅನ್ನ ಹಾಕುತ್ತಿದ್ದದ್ದು ಈ ದೇವರ ಮನೆಗಳೇ. ಅವರು ಕಟ್ಟುವ ದೇವರ ಮನೆಯಲ್ಲಿ ಸೊಂಟದೆತ್ತರದ ಕಟ್ಟೆ, ಪಾತ್ರೆ ತೊಳೆಯುವ ತೊಟ್ಟಿ, ಹೊಗೆ ಹೋಗಲು ಕಿಂಡಿ ಎಲ್ಲ ಇರುತ್ತಿತ್ತು. ಚಾರ್ಜ್ ಬಂದ ಮೇಲೆ ಪೇಟೆಯಲ್ಲಿ ಭಕ್ತಿ ಬಹಳ ಜಾಸ್ತಿಯಾಯಿತು.

ನಾನು ಮೇಲೆ ಮೊದಲ ಸಲ ಒಲೆ ಹಚ್ಚಿದ ದಿನವೇ ಕಾರ್ಪೊರೇಷನ್ನಿನವರು ಬರಬೇಕೇ? ಒಂದು ಕಡೆ ಈರುಳ್ಳಿ ಹುಳಿ ಕುದಿಯುತ್ತಿತ್ತು, ಇನ್ನೊಂದು ಕಡೆ ಅನ್ನದ ಕುಕ್ಕರ್. ಯಜಮಾನರು ಆಫೀಸಿನಲ್ಲಿದ್ದರು. ಅತ್ತೆಯೇ ಬಂದವರನ್ನು ಹೊರಗಿನ ಮೆಟ್ಟಿಲಿನಿಂದ ಕರೆತಂದರು. ನಾನು ಒಲೆಯ ಮುಂದೆ ಗಣಪತಿಯ ಪಟ ನಿಲ್ಲಿಸಿ ಕೈಮುಗಿದೆ. ಬಂದವರೂ ಪಾಪ, ಚಪ್ಪಲಿ ಬಿಟ್ಟು ಕೈಮುಗಿದರು. ಅಷ್ಟರಲ್ಲಿ ಗಣಪತಿ ಸೀಟಿ ಹೊಡೆದ. ನಾನು ಗಂಟೆ ಬಾರಿಸಿದೆ. ಅವನು ಮತ್ತೆ ಹೊಡೆದ; ನಾನು ಇನ್ನೂ ಜೋರಾಗಿ ಬಾರಿಸಿದೆ. ಸೀಟಿಯನ್ನೇನೋ ಮುಚ್ಚಬಹುದು, ವಾಸನೆಯನ್ನು?

"ಏನಮ್ಮಾ, ನಿಮ್ಮ ದೇವರಿಗೆ ಈರುಳ್ಳಿ ಹುಳಿ ನೈವೇದ್ಯನಾ?" ಎಂದು ಅವರು ಮೂಗರಳಿಸಿದರು. "ಎರಡು ಅಡುಗೆಮನೆ ಅಂದ್ರೆ ಎರಡು ಮನೆ. ಚಾರ್ಜ್ ಕಟ್ಟಿ, ಇಲ್ಲಾ ಕಟ್ಟೆ ಒಡೆಸಿ."

ನನ್ನ ಕಣ್ಣಲ್ಲಿ ನೀರು ಬಂತು. ಈರುಳ್ಳಿ ಹೆಚ್ಚಿದ್ದರಿಂದಲ್ಲ. ಅಷ್ಟು ಕಟ್ಟುವ ತಾಕತ್ತು ನಮಗಿರಲಿಲ್ಲ. ಅತ್ತೆಗೆ ಹಾಲು ಕುಡಿದಷ್ಟು ಸಂತೋಷವಾಗಿರಬೇಕು ಎಂದುಕೊಂಡು ಉರಿದುಹೋದೆ.

ಅತ್ತೆ ಸೆರಗು ಸರಿಮಾಡಿಕೊಂಡರು. "ಎರಡೆಲ್ಲಿದೆ? ಕೆಳಗಡೆ ಇರೋದು ದೇವರ ಮನೆ. ಮಡಿ, ಯಾರೂ ಒಳಗೆ ಬರೋ ಹಾಗಿಲ್ಲ. ನಮ್ಮನೇಲಿ ಅಡುಗೆ ಆಗೋದು ಇಲ್ಲೇ."

"ಹಾಗಾದ್ರೆ ನೀವೂ ಇದನ್ನೇ ಊಟ ಮಾಡ್ತೀರಾ?" ಎಂದು ಬಂದವರು ಕೇಳಿದರು.

ಅತ್ತೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟರು. "ಬಡಿಸಮ್ಮ," ಎಂದರು.

ಕುಕ್ಕರ್ ಇಳಿಸಿ ಬಡಿಸಿದೆ. ಅವರು ಕಣ್ಣು ಮುಚ್ಚಿ ಮೊದಲ ತುತ್ತು ನುಂಗಿದರು. ಬಂದವರು ತಲೆಯಾಡಿಸಿ ಮೆಟ್ಟಿಲಿಳಿದು ಹೋದರು. ಗೇಟಿನ ಸದ್ದು ಕೇಳಿದ ಮೇಲೂ ಅತ್ತೆ ಏಳಲಿಲ್ಲ.

"ಹೋದ್ರಾ?"

"ಹೋದ್ರು ಅತ್ತೆ."

"ಹಾಗಾದ್ರೆ ಇನ್ನೊಂದ್ ಸೌಟು ಹುಳಿ ಹಾಕು. ತಳ ಕದಡಿ ಹಾಕು, ಈರುಳ್ಳಿಯೆಲ್ಲ ಕೆಳಗಡೆ ಕೂತಿರುತ್ತೆ."