ಕೆಂಪು ಗೋಡೆಗೆ ಬಳಿದ ಸುಣ್ಣ

ಇದನ್ನು ಬರೆಯಲೆಂದು ಕೂತು, ತೋಟದ ವಿಷಯ, ಮದುವೆಗಳ ವಿಷಯ ಏನೇನೋ ಬರೆದು ಎಷ್ಟೋ ಸಲ ಎದ್ದಿದ್ದೇನೆ. ಇನ್ನೂ ಮುಂದೂಡಿದರೆ ಬರೆಯದೇ ಹೋಗುತ್ತೇನೆ. ನಾನು ಒಬ್ಬ ಹೆಣ್ಣುಮಗಳ ಕಣ್ಣು ಕಳೆದವನು.

ಮಾದಿಹಳ್ಳಿಯಲ್ಲಿ ಶಾಲೆಯ ಗೇಟಿಗೆ ಎದುರಾಗಿ ನನ್ನ ಅಂಗಡಿ. ತಂಪು ಪಾನೀಯದ ಕಂಪನಿಯವರು ಅದರ ಗೋಡೆಗೆ ಪೂರಾ ಕೆಂಪು ಬಣ್ಣ ಬಳಿದು, ಆಳೆತ್ತರದ ಬಾಟಲಿ ಬರೆಸಿ, ಗಾಜಿನ ಬಾಗಿಲಿನ ಫ್ರಿಜ್ ಪುಕ್ಕಟೆ ಕೊಟ್ಟಿದ್ದರು. ಗೋಡೆ ಕೆಂಪಾಗಿರುವ ತನಕ ಫ್ರಿಜ್ ನನ್ನದು.

ಆ ಸಲದ ಪಂಚಾಯಿತಿ ಚುನಾವಣೆಯಲ್ಲಿ ನಮ್ಮ ಕಡೆಯ ಸೀಟು ಮಹಿಳೆಯರಿಗೆ ಮೀಸಲಾಯಿತು. ನಾನೇ ಸೊಸೆಯನ್ನು ನಿಲ್ಲಿಸಿದೆ. ಕರಪತ್ರದಲ್ಲಿ ಅವಳ ಫೋಟೋಗಿಂತ ನನ್ನದೇ ದೊಡ್ಡದು. ಗೆದ್ದ ದಿನ ಹಾರ ಹಾಕಿಸಿಕೊಂಡವನೂ ನಾನೇ. ಸಹಿ ಅವಳದು, ಮಾತು ನನ್ನದು ಎಂಬುದು ಊರಿಗೆಲ್ಲ ಗೊತ್ತಿತ್ತು. ಅವಳಿಗೆ ಮಾತ್ರ ಗೊತ್ತಿರಲಿಲ್ಲ.

ಮಕ್ಕಳು ಬಿಸಿಯೂಟ ಬಿಟ್ಟು ಚಿಪ್ಸು, ಬಣ್ಣದ ನೀರಿನಲ್ಲಿ ಹೊಟ್ಟೆ ತುಂಬಿಸಿಕೊಳ್ಳುತ್ತಾರೆ ಎಂದು ತಾಯಂದಿರು ಗ್ರಾಮಸಭೆಯಲ್ಲಿ ದೂರಿದರು. ಶಾಲೆಯ ಆಸುಪಾಸಿನಲ್ಲಿ ಅಂಥ ತಿಂಡಿ, ಪಾನೀಯಗಳ ಜಾಹೀರಾತು ಇರಕೂಡದೆಂದು ಪಂಚಾಯಿತಿ ಠರಾವು ಮಾಡಿತು. ಮಂಡಿಸಿದವಳು ನನ್ನ ಸೊಸೆ. ನನಗೆ ಅದು ತಿಳಿದದ್ದು ಬಸ್ ಸ್ಟಾಪಿನಲ್ಲಿ.

"ಏನ್ಲಾ, ಮನೇಲೇ ವಿರೋಧ ಪಕ್ಷ ಸಾಕ್ಕಂಡಿದೀಯಾ?" ಎಂದ ಒಬ್ಬ. ಎಲ್ಲರೂ ನಕ್ಕರು.

ಮನೆಗೆ ಬಂದವನೇ ಊಟದ ತಟ್ಟೆಯನ್ನು ಗೋಡೆಗೆ ಬೀಸಿದೆ. "ಯಾರನ್ನ ಕೇಳಿ ಕೈ ಎತ್ತಿದೆ?"

"ನಿಮ್ಮ ಮೊಮ್ಮಗಳ ಹಲ್ಲು ನೋಡಿದೀರಾ ಮಾವ? ಎಲ್ಲಾ ಹುಳುಕು. ಮಾರಬ್ಯಾಡಿ ಅಂತ ನಾನೆಲ್ಲಂದೆ? ಆ ಗೋಡೆ ಒಂದು ಬ್ಯಾಡ ಅಂದೆ."

ಮಗ ಅವಳ ಜಡೆ ಹಿಡಿದೆಳೆದು ಬಾರಿಸಿದ. ನಾನು ಬಿಡಿಸಲಿಲ್ಲ. "ಇನ್ನೂ ಹಾಕೋ" ಎಂದೆ. ಅವಳ ತುಟಿ ಒಡೆದು ರಕ್ತ ಇಳಿಯಿತು. ಸೆರಗಿನಲ್ಲಿ ಒತ್ತಿ ಹಿಡಿದುಕೊಂಡೇ ಚೆಲ್ಲಿದ ಅನ್ನ ಬಾಚಿದಳು.

ಪಂಚಾಯಿತಿಯ ನೋಟಿಸನ್ನು ಹರಿದು ಹಾಕಿದೆ. ನನ್ನ ಗೋಡೆ ಮುಟ್ಟಲು ಅಲ್ಲಿನ ಕೆಲಸದವರಿಗೆ ಹೆದರಿಕೆ. "ಮೊದ್ಲು ನಿಮ್ಮಾವನ ಗೋಡೆ ಅಳಿಸಮ್ಮ" ಎಂದು ಬೇರೆ ಅಂಗಡಿಯವರು ಅವಳನ್ನು ಹಂಗಿಸಿದರಂತೆ. ಮರುದಿನ ಬೆಳಿಗ್ಗೆ ಅವಳೇ ಬಕೆಟ್ಟಿನಲ್ಲಿ ಸುಣ್ಣ ಕಲಸಿಕೊಂಡು ಬಂದಳು. ನಾನು ಅಂಗಡಿಯಿಂದ ಹೊರಗೆ ಬರುವಷ್ಟರಲ್ಲಿ ಗೋಡೆಯ ಬಾಟಲಿ ಅರ್ಧ ಬೆಳ್ಳಗಾಗಿತ್ತು. ಬಸ್ಸಿಗೆ ಕಾದವರೆಲ್ಲ ನೋಡುತ್ತಿದ್ದರು.

"ಇಳಿಸೇ ಕೈಯ!"

"ಠರಾವು ಆಗೈತೆ ಮಾವ. ನಾನು ಮೆಂಬರು."

"ಕೇಳುಸ್ತೇನ್ಲಾ? ಮೆಂಬ್ರಂತೆ!" ಎಂದು ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು.

ಕ್ರೇಟಿನಿಂದ ಸೋಡಾ ಬಾಟಲಿ ಎಳೆದು ಅವಳ ಬೆನ್ನಿಗೆ ಹೊಡೆದೆ. ಮೊಣಕಾಲೂರಿ ಬಿದ್ದಳು. ಎದ್ದು ಮತ್ತೆ ಬ್ರಷ್ಷು ಹಿಡಿದಳು. ಆಗ ನಾನು ಬಕೆಟ್ಟು ಎತ್ತಿ ಸುಣ್ಣವನ್ನು ಅವಳ ಮುಖಕ್ಕೇ ಎರಚಿದೆ.

"ಅವ್ವಾ, ಕಣ್ಣು!" ಎಂದು ಚೀರಿ ರಸ್ತೆಯ ಮೇಲೆ ಹೊರಳಾಡಿದಳು. ಹಣ್ಣು ಮಾರುವ ಹೆಂಗಸು ಓಡಿ ಬಂದಳು. "ನೀರು ಕೊಡಣ್ಣೋ, ನೀರು!"

ಫ್ರಿಜ್ಜಿನ ತುಂಬ ನೀರಿನ ಬಾಟಲಿಗಳಿದ್ದವು. ಬೀಗ ಹಾಕಿತ್ತು, ಬೀಗದ ಕೈ ನನ್ನ ಜೇಬಿನಲ್ಲಿ. "ಪಂಚಾಯ್ತಿನ ಕೇಳು, ತಂದು ಕೊಡ್ತದೆ" ಎಂದೆ.

ಇಷ್ಟು ಕಾಲ ನಾನು ಯಾರಿಗೂ ಹೇಳದೆ ಇದ್ದದ್ದು ಇದನ್ನೇ. ಸುಣ್ಣ ಎರಚಿದ್ದು ಸಿಟ್ಟಿನಲ್ಲಿ. ಆದರೆ ಬೀಗ ತೆಗೆಯದೆ ನಿಂತಾಗ ನನಗೆ ಸಿಟ್ಟು ಇಳಿದಿತ್ತು. ಅವಳು ಒದ್ದಾಡುವುದನ್ನು ನಕ್ಕವರೆಲ್ಲ ನೋಡಲಿ ಎಂದು ನಿಂತಿದ್ದೆ.

ಅವಳನ್ನು ಶಾಲೆಯ ನಲ್ಲಿಗೆ ಎಳೆದೊಯ್ದರು. ಅಲ್ಲಿಂದ ಬೇಲೂರು ಆಸ್ಪತ್ರೆ, ಆಮೇಲೆ ಹಾಸನ. ಬಲಗಣ್ಣು ಹೋಯಿತು. ಕೂಡಲೇ ನೀರು ಬಿದ್ದಿದ್ದರೆ ಉಳಿಯುತ್ತಿತ್ತೇನೋ ಎಂದರಂತೆ ಡಾಕ್ಟರು. ಅರ್ಧ ಉಳಿದಿದ್ದ ಗೋಡೆಗೆ ಪಂಚಾಯಿತಿಯವರು ಅಂದೇ ಸಂಜೆ ಸುಣ್ಣ ಬಳಿದರಂತೆ. ನಾನಾಗ ಪೊಲೀಸ್ ಸ್ಟೇಷನ್ನಿನಲ್ಲಿದ್ದೆ.

ಜಾಮೀನಿನ ಮೇಲೆ ಹೊರಗೆ ಬಂದ ಮೇಲೆ, ಕಣಕಟ್ಟೆಯಲ್ಲಿ ಅವಳ ತವರುಮನೆಯಲ್ಲಿ ಹಿರಿಯರು ಎರಡೂ ಮನೆಯವರನ್ನು ರಾಜಿಗೆ ಕೂಡಿಸಿದರು. ಅವಳು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ನಾನು ಎದ್ದು ಅವಳ ಕಡೆ ತಿರುಗಿದೆ.

"ಮಾವ ಸೊಸೆ ಮುಂದೆ ಬಗ್ಗಾದಾ? ಬೀಗರ ಕೈ ಹಿಡ್ಕಳಿ, ಸಾಕು" ಎಂದರು ಒಬ್ಬ ಹಿರಿಯರು.

ನನಗೆ ಹಗುರವಾಯಿತು. ಅವಳ ಅಪ್ಪನ ಕೈ ಹಿಡಿದು ತಪ್ಪಾಯಿತು ಎಂದೆ. ಅಣ್ಣನ ಕೈ ಹಿಡಿದೆ. ಕೂತಿದ್ದವರಿಗೆಲ್ಲ ಕೈ ಮುಗಿದೆ. ಅವರು ತಲೆಯಾಡಿಸಿದರು, ಬೇಸಾಯದ ಮಾತು ಶುರುವಾಯಿತು. ಅವಳು ಎಲ್ಲರಿಗೂ ಕಾಫಿ ತಂದಳು. ಒಂದೇ ಕಣ್ಣಿನ ಅಂದಾಜು ಇನ್ನೂ ಸಿಕ್ಕಿರಲಿಲ್ಲ. ಲೋಟವನ್ನು ನನ್ನ ಕೈಗೆ ಇಡಲು ಹೋಗಿ, ಕೈ ತಲುಪುವ ಮೊದಲೇ ಬಿಟ್ಟಳು. ಕಾಫಿ ನನ್ನ ಪಂಚೆಯ ಮೇಲೆ ಚೆಲ್ಲಿತು.

"ತಪ್ಪಾಯ್ತು ಮಾವ" ಎಂದಳು.

"ಇರ್ಲಿ ಬಿಡಮ್ಮ" ಎಂದೆ. ಅಷ್ಟೇ ಅಂದದ್ದು. ಅಲ್ಲಿದ್ದ ಗಂಡಸರೆಲ್ಲರ ಕ್ಷಮೆ ಕೇಳಿ ಬಂದವನು, ಈ ಹೊತ್ತಿನವರೆಗೂ ಕೇಳದೆ ಉಳಿಸಿಕೊಂಡಿರುವುದು ಒಬ್ಬಳನ್ನೇ. ನನ್ನ ಸೊಸೆಯನ್ನು.