ಹಿಂದಿನ ಗೇಟಿನಿಂದ ಬಂದ ಬಾಗಿಲು

ರಾಮದಾಸನಿಗೆ ಕಾರುಗಳ ಮೇಲೆ ಸಿಟ್ಟಿರಲಿಲ್ಲ, ಕಾರಿನಿಂದ ಇಳಿಯುವವರ ಮೇಲಿತ್ತು. ಹಿಮಾಯತ್‌ನಗರದ ದೊಡ್ಡ ರಸ್ತೆಯಿಂದ ಒಳಕ್ಕೆ ಹೋಗುವ ಗಲ್ಲಿಯೊಂದರಲ್ಲಿ, ತಗಡಿನ ಶೆಡ್ಡಿನ ಕೆಳಗೆ, ಇಪ್ಪತ್ತೆರಡು ವರ್ಷದಿಂದ ಅವನು ಗುದ್ದಿದ ಕಾರುಗಳ ತಗಡು ಬಡಿದು ಸರಿಮಾಡುವ ಡೆಂಟಿಂಗ್ ಕೆಲಸ ಮಾಡಿಕೊಂಡಿದ್ದ. ಸೇಡಂ ಕಡೆಯವನು. ನಾಲ್ಕನೇ ಇಯತ್ತೆಯಲ್ಲಿ ಮಾಸ್ತರರ ಕೈಯ ಛಡಿಯನ್ನು ಕಸಿದು ಮುರಿದು, ಮರುದಿನವೇ ಸೋದರಮಾವನ ಹಿಂದೆ ಹೈದರಾಬಾದಿನ ರೈಲು ಹತ್ತಿದವನು. ಇಂಗ್ಲಿಷ್ ಅಕ್ಷರ ಬಾರದು. ಆದರೆ ಕಣ್ಣು ಮುಚ್ಚಿ ತಗಡಿನ ಮೇಲೆ ಅಂಗೈ ಎಳೆದರೆ ಸಾಕು, ಯಾವ ಜಾಗ ಕೂದಲೆಳೆಯಷ್ಟು ಒಳಗೆ ಹೋಗಿದೆ ಎಂಬುದು ಅವನ ಕೈಗೆ ತಿಳಿಯುತ್ತಿತ್ತು. ಕೆಲಸ ಮುಗಿದ ಮೇಲೆ ಯಾರಿಗೂ ಕಾಣದಂತೆ ತಗಡಿನ ಒಳಮೈಗೆ ಪಂಚು ಎಂಬ ಮೊನೆಯುಳಿಯಿಂದ ಮೂರು ಚುಕ್ಕಿ ಹೊಡೆಯುವುದು ಅವನ ಉಸ್ತಾದ ಕಲಿಸಿದ ಪದ್ಧತಿ. ಮುಂದೆ ಅದೇ ಗಾಡಿ ಮತ್ತೆ ಬಂದರೆ, ಇದು ತನ್ನ ಕೈಯ ಕೆಲಸವೋ ಬೇರೆ ಯಾವನೋ ಹಾಳುಗೆಡವಿದ್ದೋ ಗೊತ್ತಾಗಬೇಕಲ್ಲ.

ಎರಡು ಸಾವಿರದ ಐದು, ಆರರ ಹೊತ್ತಿಗೆ ಊರಿಗೆ ಊರೇ ಹುಚ್ಚೆದ್ದಿತ್ತು. ಅತ್ತ ಶಂಶಾಬಾದಿನಲ್ಲಿ ಹೊಸ ವಿಮಾನ ನಿಲ್ದಾಣ ಏಳುತ್ತಿತ್ತು. ಇತ್ತ ಕೊರಳಿಗೆ ಕಂಪನಿಯ ಗುರುತಿನ ಪಟ್ಟಿ ತೂಗುಹಾಕಿಕೊಂಡ ಸಾಫ್ಟ್‌ವೇರ್ ಹುಡುಗರು ಮೊದಲ ವರ್ಷದ ಸಂಬಳದಲ್ಲೇ ಕಾರು ಕೊಳ್ಳುತ್ತಿದ್ದರು. ಕೊಂಡವರು ಗುದ್ದುತ್ತಲೂ ಇದ್ದರು. ಹಾಗೆ ನೋಡಿದರೆ ರಾಮದಾಸನ ಶೆಡ್ಡಿನಲ್ಲಿ ಕಾಲಿಡಲು ಜಾಗವಿರಬಾರದಿತ್ತು. ಇತ್ತು, ಬೇಕಾದಷ್ಟಿತ್ತು. ಕಾರು ಮಾಡುವ ಕಂಪನಿಗಳು ತಮ್ಮದೇ ಹೆಸರಿನ ಇನ್ಶೂರೆನ್ಸ್ ಕಾಗದವನ್ನೂ ಶೋರೂಮಿನಲ್ಲೇ ಮಾರತೊಡಗಿದ್ದವು. ಆ ಕಾಗದವಿದ್ದವನು ಗಾಡಿ ಗುದ್ದಿದರೆ ಶೋರೂಮಿಗೆ ಬಿಟ್ಟು, ಸಹಿ ಹಾಕಿ, ಆಟೋ ಹತ್ತಿ ಆಫೀಸಿಗೆ ಹೋದರಾಯಿತು; ಮೊದಲು ಕೈಯಿಂದ ರೊಕ್ಕ ಹಾಕಬೇಕಿಲ್ಲದ ಇದಕ್ಕೆ 'ಕ್ಯಾಶ್‌ಲೆಸ್' ಎಂದು ಹೆಸರು. ಏಜೆಂಟನ ಕೈಯಿಂದ ಬೇರೆ ಕಂಪನಿಯ ಪಾಲಿಸಿ ಮಾಡಿಸಿದವನು ಮಾತ್ರ ಮೊದಲು ಕೈಯಿಂದ ಖರ್ಚು ಮಾಡಿ, ಬಿಲ್ಲು ಹಿಡಿದು ಓಡಾಡಬೇಕು. ಅವನಿಗಿದ್ದ ಒಂದೇ ಅನುಕೂಲವೆಂದರೆ ಗಾಡಿಯನ್ನು ತನಗೆ ಬೇಕಾದ ಶೆಡ್ಡಿಗೆ ಒಯ್ಯಬಹುದು.

"ಅಂಕಲ್, ಕ್ಯಾಶ್‌ಲೆಸ್ ಹೈ ಕ್ಯಾ?" ಎಂದು ಒಬ್ಬ ಹುಡುಗ ಕಾರಿನಿಂದ ಇಳಿಯದೆ, ಎ.ಸಿ. ಆರಿಸದೆ, ಗಾಜನ್ನು ನಾಲ್ಕು ಬೆರಳು ಮಾತ್ರ ಇಳಿಸಿ ಕೇಳಿದ್ದ.

"ಹೈ ನಾ ಮಿಯಾಂ, ದೇಖೋ," ಎಂದು ರಾಮದಾಸ ತನ್ನ ಎರಡೂ ಜೇಬು ಹೊರಕ್ಕೆಳೆದು ತೋರಿಸಿದ. ಹುಡುಗ ಗಾಜು ಏರಿಸಿಕೊಂಡು ಹೋದ.

ಹೋಗದೆ ಉಳಿದವರಲ್ಲಿ ದೊಡ್ಡವರೆಂದರೆ ಹನುಮಂತರಾಯರು. ರಾಯಚೂರಿನವರು, ರಕ್ಷಣಾ ಇಲಾಖೆಯ ಕಾರ್ಖಾನೆಯೊಂದರಲ್ಲಿ ಫೋರ್‌ಮನ್. ಅವರ ಹಳೆಯ ಕಾರಿನ ಮೈಯಲ್ಲಿ ರಾಮದಾಸ ಚುಕ್ಕಿ ಹೊಡೆಯದ ಜಾಗವೇ ಇರಲಿಲ್ಲ. ಅದನ್ನು ಮಾರಿ ಹೋದ ವರ್ಷ ಬೇಗಂಪೇಟೆಯ ಶೋರೂಮಿನಿಂದ ಬೆಳ್ಳಿ ಬಣ್ಣದ ಹೊಸ ಕಾರು ತಂದಿದ್ದರು. ಕಾರಿನ ಜೊತೆಗೇ ಬಂದಿದ್ದ ಕಂಪನಿ ಇನ್ಶೂರೆನ್ಸಿನ ಅವಧಿ ಮುಗಿಯುತ್ತಿತ್ತು. ಒಂದು ಭಾನುವಾರ ಹೆಂಡತಿ ಶೋಭಾಬಾಯಿಯನ್ನು ಕರೆದುಕೊಂಡು, ಕೈಯಲ್ಲಿ ಎರಡು ಕಾಗದ ಹಿಡಿದು ಶೆಡ್ಡಿಗೆ ಬಂದರು. ಒಂದು ಶೋರೂಮಿನದು. ಇನ್ನೊಂದು ಅವರ ಹಳೆಯ ಏಜೆಂಟ್ ಜಯತೀರ್ಥ ಬರೆದುಕೊಟ್ಟದ್ದು.

"ರಾಮದಾಸ, ಎರಡರಾಗ ಯಾವ್ದು ಮಾಡಿಸ್ಲಿ? ನೀ ದಿನಾ ಈ ಆಟ ನೋಡಾಂವ."

ರಾಮದಾಸ ಕೈ ಒರೆಸಿಕೊಂಡು ಕಾಗದ ಇಸಿದುಕೊಂಡ. ಓದಲಿಲ್ಲ, ಹುಡುಕಿದ. ಶೋರೂಮಿನ ಕಾಗದದ ತಲೆಯ ಮೇಲೆ ಕಾರು ಕಂಪನಿಯ ಹೆಸರು ಗೋಡೆ ಬರಹದಷ್ಟು ದೊಡ್ಡದಾಗಿತ್ತು. ತೀರಾ ಕೆಳಗೆ, ಮೂಲೆಯಲ್ಲಿ, ಎಳ್ಳಿನಷ್ಟು ಗಾತ್ರದ ನೀಲಿ ವೃತ್ತದೊಳಗೆ ಒಂದು ಹಂಸ. ಜಯತೀರ್ಥನ ಕಾಗದದಲ್ಲಿ ಅದೇ ಹಂಸ ತಲೆಯ ಮೇಲೆಯೇ ಕೂತಿತ್ತು.

"ಈ ಹಕ್ಕಿ ನೋಡ್ರಿ ರಾಯರ. ಕಾರ್ ಮಾಡಾಂವ ಕಾರಷ್ಟ ಮಾಡ್ತಾನ. ಗುದ್ದಿದ್ರ ರೊಕ್ಕ ಕೊಡೂದು ಈ ಹಕ್ಕಿ. ಮ್ಯಾಲ ಹೆಸರು ಅವರದು, ಲಗ್ನದಾಗ ಬಾಡಿಗಿ ಕೋಟ್ ಹಾಕ್ಕೊಂಡು ನಿಂತಂಗ."

"ಹಕ್ಕಿ ಒಂದ ಆದ್ರ ಜಗಳ ಯಾತಕ್ಕ?" ಎಂದರು ಶೋಭಾಬಾಯಿ. "ಹಳೇ ಗಾಡಿಗೆ ಆಟೋ ಬಡದಾಗ ಈ ಜಯತೀರ್ಥ ಹದಿನೈದು ದಿನ ಫೋನ್ ಎತ್ತಲಿಲ್ಲ. ಶೋರೂಮಿನ ಹುಡುಗಿ ನನ್ನ ಹುಟ್ಟಿದ ದಿನಕ್ಕ ಫೋನ್ ಮಾಡಿದ್ಲು. ನಮ್ಮನ್ಯಾಗ ಯಾರಿಗೂ ನೆನಪಿರ್ಲಿಲ್ಲ."

ರಾಯರು ಶೆಡ್ಡಿನ ತಗಡು ನೋಡಿದರು.

"ಜಯತೀರ್ಥನ ಸುದ್ದಿ ಬಿಡ್ರಿ ಅಕ್ಕಾರ. ಪಾಲಿಸಿ ಮಾಡಸಾಕ ಬಂದ್ರ ಮನಿ ಅಳಿಯ, ಗಾಡಿ ಗುದ್ದಿದ್ರ ಆಂವ ಮಂತ್ರಾಲಯದಾಗ ಇರ್ತಾನ. ಆದ್ರ ಅವನ ಕಾಗದ ಇದ್ರ ಗಾಡಿ ಬೇಕಾದಲ್ಲೆ ಒಯ್ದು, ಮುಂದ ನಿಂತು ಕೆಲ್ಸ ನೋಡಬಹುದು. ಶೋರೂಮಿನಾಗ? ಗಾಜಿನ ಈಚಿ ಕುಂಡ್ರಿಸಿ ಕಾಫಿ ಕೊಡ್ತಾರ. ಆಚಿ ಏನ್ ಮಾಡಾಕತ್ತಾರ ನಿಮಗ ಕಾಣಂಗಿಲ್ಲ."

"ಅಂದ್ರ ಗಾಡಿ ನಿನ್ನ ಶೆಡ್ಡಿಗೇ ಬರ್ಲಿ ಅಂತೀ," ಎಂದು ರಾಯರು ನಕ್ಕುಬಿಟ್ಟರು.

ಅವರು ನಕ್ಕದ್ದು ಬರೀ ತಮಾಷೆಗೆ. ಆದರೆ ರಾಮದಾಸನ ನೆತ್ತಿಗೆ ಏರಲು ಅಷ್ಟು ಸಾಕಾಗಿತ್ತು. "ಹೌದ್ರಿ, ನನ್ನ ಹೊಟ್ಟಿಪಾಡಿಗೇ ಹೇಳಿದೆ! ಹೋಗ್ರಿ, ಕಾಫಿ ಕುಡೀರಿ!" ಎಂದವನೇ ಎರಡೂ ಕಾಗದ ಅವರ ಕೈಗೆ ತುರುಕಿ, ಬಡಿಯಲು ಏನೂ ಇಲ್ಲದಿದ್ದರೂ ಸುತ್ತಿಗೆ ಎತ್ತಿಕೊಂಡ. ರಾಯರು ಶೋರೂಮಿನ ಕಾಗದವನ್ನೇ ಮಾಡಿಸಿದರು.

ಎರಡು ತಿಂಗಳು ಶೆಡ್ಡಿಗೆ ನೆಟ್ಟಗೆ ಒಂದು ಗಾಡಿ ಬರಲಿಲ್ಲ. ಬಂದವನು ಹೇಮಂತ; ಅದೇ ಬೇಗಂಪೇಟೆಯ ಶೋರೂಮಿನ ಸೂಪರ್‌ವೈಸರ್, ಬೀದರಿನ ಹುಡುಗ, ಕೊರಳಲ್ಲಿ ಟೈ, ಕಾಲಲ್ಲಿ ಹವಾಯಿ ಚಪ್ಪಲಿ.

"ಉಸ್ತಾದ್, ನಮ್ಮಲ್ಲೆ ಗಾಡಿ ಸಾಲುಹಚ್ಚಿ ನಿಂತಾವ, ಕೈ ಸಾಲವಲ್ಲವು. ಹಿಂದಿನ ಗೇಟಿನಿಂದ ನಿಮಗ ಕಳಸ್ತೀನಿ, ಬಡದು ಕೊಡ್ರಿ. ಆದ್ರ ಬಿಲ್ ಇಲ್ಲ, ಬಾಯಿ ಇಲ್ಲ."

ಗಾಜಿನ ಆಚೆ ನಡೆಯುವುದು ಇದು! ರಾಮದಾಸ ಅವನನ್ನೂ ಅವನ ಟೈಯನ್ನೂ ಹತ್ತು ನಿಮಿಷ ಬೈದ. ಬೈದು ಮುಗಿಸಿ ಒಪ್ಪಿಕೊಂಡ. ವಾರಕ್ಕೆ ನಾಲ್ಕು ಗಾಡಿ ಬರತೊಡಗಿದವು. ಅವುಗಳಲ್ಲಿ ಯಾವುದಕ್ಕೂ ಅವನು ಚುಕ್ಕಿ ಹೊಡೆಯಲಿಲ್ಲ. ಕದ್ದು ಮಾಡುವ ಕೆಲಸಕ್ಕೆ ಗುರುತು ಬೇರೆ ಕೇಡು ಎಂದುಕೊಂಡ.

ಹಾಗಿರುವಾಗ ಒಂದು ಮಧ್ಯಾಹ್ನ ಹೇಮಂತ ಕೆಲಸದ ಚೀಟಿಯ ಜೊತೆ ಬೆಳ್ಳಿ ಬಣ್ಣದ ಕಾರು ತಂದ. ಎಡಗಡೆಯ ಹಿಂದಿನ ಬಾಗಿಲು ಕಂಬಕ್ಕೆ ಒರಸಿ ಒಳಗೆ ಹೋಗಿತ್ತು. ಸೀಟಿನ ತಲೆದಿಂಬುಗಳ ಮೇಲೆ ಶೋಭಾಬಾಯಿ ಕ್ರೋಶಾದಲ್ಲಿ ಹೆಣೆದ ಬಿಳಿ ಗಿಳಿಗಳು. ನಂಬರು ನೋಡುವ ಅಗತ್ಯವೇ ಬೀಳಲಿಲ್ಲ.

"ಚೀಟಿಯಾಗ ಏನ್ ಬರದೈತಿ, ಓದು ತಮ್ಮಾ."

"ಬಾಗಿಲ ಹೊಸದು ಅಂತ ಐತಿ," ಎಂದ ಹೇಮಂತ.

"ಹೊಸದು ಎಲ್ಲೈತಿ?"

"ಚೀಟಿಯಾಗ ಐತಲ್ಲ! ಇನ್ಶೂರೆನ್ಸಿನ ಸರ್ವೇಯರ್ ಹೊಸದಕ್ಕ ಪಾಸ್ ಮಾಡ್ಯಾನ. ನೀವು ಹಳೇದ ಬಡೀರಿ ಉಸ್ತಾದ್. ನಿಮ್ಮ ಕೈ ಕೆಲ್ಸ, ಹೊಸದಲ್ಲ ಅಂತ ಯಾವ ಮಗ ಹೇಳ್ತಾನ?"

ಇಪ್ಪತ್ತೆರಡು ವರ್ಷದಲ್ಲಿ ಅವನ ಕೈಯನ್ನು ಯಾರೂ ಇಷ್ಟು ಹೊಗಳಿರಲಿಲ್ಲ. ಹೊಗಳಿಕೆ ಇಷ್ಟು ಹೊಲಸಾಗಿ ಇರಬಲ್ಲದೆಂದೂ ಅವನಿಗೆ ಗೊತ್ತಿರಲಿಲ್ಲ. ಹಂಸದಿಂದ ಹೊಸ ಬಾಗಿಲಿನ ರೊಕ್ಕ ಶೋರೂಮಿಗೆ ಹೋಗುತ್ತದೆ. ಸವಕಳಿಯ ಪಾಲೆಂದು ಒಂದಿಷ್ಟನ್ನು ರಾಯರೂ ತೆರುತ್ತಾರೆ, ಕ್ಲೇಮು ಕೇಳದವರಿಗೆ ಮುಂದಿನ ವರ್ಷ ಸಿಗುವ ಬೋನಸ್ಸನ್ನೂ ಕಳೆದುಕೊಳ್ಳುತ್ತಾರೆ. ಇಲ್ಲದ ಬಾಗಿಲಿಗೆ! ಬಾಯಿ ಬಿಟ್ಟರೆ ವಾರದ ನಾಲ್ಕು ಗಾಡಿ ಅಲ್ಲಿಗೇ ನಿಲ್ಲುತ್ತವೆ. ಶೆಡ್ಡಿನಲ್ಲಿ ಅವುಗಳನ್ನು ಬಿಟ್ಟರೆ ಇರುವುದು ನೊಣ.

'ಕುಡೀಲಿ ಕಾಫಿ' ಎಂದುಕೊಂಡೇ ಎರಡು ದಿನ ಬಡಿದ. ಮೂರನೆಯ ದಿನ ಅಂಗೈ ಎಳೆದು ನೋಡಿದ. ಬಾಗಿಲು ನೀರಿನಂತೆ ನುಣುಪಾಗಿತ್ತು. ಒಳಗಿನ ಹೊದಿಕೆಯನ್ನು ಕೂರಿಸುವ ಮುಂಚೆ ಪಂಚು ಎತ್ತಿಕೊಂಡ, ಇಟ್ಟ. ಮತ್ತೆ ಎತ್ತಿಕೊಂಡು ಟಣ್, ಟಣ್, ಟಣ್ ಎಂದು ಮೂರು ಚುಕ್ಕಿ ಹೊಡೆದೇಬಿಟ್ಟ. ಹೊಡೆದ ಮೇಲೆ ಅದು ಅವನ ಕೆಲಸ. ತನ್ನ ಕೆಲಸವನ್ನು ಕಾರ್ಖಾನೆಯ ಮಾಲೆಂದು ಮಾರಲು ಟೈ ಕಟ್ಟಿದ ಯಾವನಿಗೂ ಅವನು ಬಿಡಲಾರ.

ಬಣ್ಣ ಒಣಗಿ ಗಾಡಿ ವಾಪಸು ಹೋದ ಮರುದಿನ ಬೆಳಿಗ್ಗೆ ಹನ್ನೊಂದಕ್ಕೆ, ರಿಪೇರಿಯಾದ ಗಾಡಿ ಒಯ್ಯಲು ಜನ ಬರುವ ಹೊತ್ತಿಗೆ, ರಾಮದಾಸ ಆ ಶೋರೂಮಿಗೆ ಮೊದಲ ಬಾರಿ ಮುಂದಿನ ಬಾಗಿಲಿನಿಂದ ನುಗ್ಗಿದ. ತಡೆದ ಕಾವಲುಗಾರನಿಗೆ ತೆಲುಗಿನಲ್ಲಿ ಒಂದು ಮಾತು ಬಿಸಾಕಿದ. ಅವನು ಪಕ್ಕಕ್ಕೆ ಸರಿದ. ರಾಯರೂ ಶೋಭಾಬಾಯಿಯೂ ಸೋಫಾದ ಮೇಲೆ ಕೂತಿದ್ದರು. ಕೈಯಲ್ಲಿ ಕಾಗದದ ಲೋಟ, ಎದುರಿಗೆ ಬಿಲ್ಲು, ಬಿಲ್ಲಿನ ಪಕ್ಕ ಹೇಮಂತ.

"ರಾಯರ, ಸಹಿ ಹಾಕಬ್ಯಾಡ್ರಿ!"

"ಇವ್ರು ಯಾರೋ ಗೊತ್ತಿಲ್ಲ ಸರ್," ಎಂದ ಹೇಮಂತ.

"ಚಲೋ ಆತು. ನನ್ನ ಗುರ್ತ ಇಲ್ಲ, ಬಾಗಿಲದ ಗುರ್ತರ ಐತೇನು? ಒಳಗಿನ ಹೊದಿಕಿ ಬಿಚ್ಚು. ಕೆಳಗ ಮೂಲ್ಯಾಗ ಮೂರು ಚುಕ್ಕಿ ಇರ್ಲಿಲ್ಲಂದ್ರ ನನ್ನ ಸುತ್ತಿಗಿಲೆ ನನ್ನ ಕೈ ಬಡಿ."

ಕಾಫಿ ಕುಡಿಯುತ್ತಿದ್ದವರೆಲ್ಲ ಲೋಟ ಹಿಡಿದೇ ಎದ್ದು ಬಂದರು. ಅಷ್ಟು ಜನರೆದುರು ಬಿಚ್ಚದೆ ಗತಿ ಇರಲಿಲ್ಲ. ಬಿಚ್ಚಿದರು. ಮೂರು ಚುಕ್ಕಿ.

"ಏನಪಾ, ಹೊಸ ಬಾಗಿಲಕ್ಕ ಕಾರ್ಖಾನ್ಯಾಗ ಚುಕ್ಕಿ ಹೊಡದ ಕಳಸ್ತಾರೇನು?" ಎಂದು ರಾಯರು ಹೇಮಂತನನ್ನು ತಣ್ಣಗೆ ಕೇಳಿದರು.

ಮ್ಯಾನೇಜರ್ ಓಡಿಬಂದ. ಕಂಪ್ಯೂಟರ್ ತಪ್ಪು ಮಾಡಿದೆ, ನಾಳೆಯೇ ಹೊಸ ಬಾಗಿಲು ಹಾಕಿಸುತ್ತೇನೆ ಎಂದ. ರಾಯರು ಮೂವತ್ತು ವರ್ಷ ಲೋಹದ ನಡುವೆಯೇ ಕಳೆದವರು. ಬಾಗಿಲಿನ ಮೇಲೆ ಅಂಗೈ ಎಳೆದು ನೋಡಿದರು.

"ಹೊಸದು ಬ್ಯಾಡ, ಇದ ಇರ್ಲಿ. ಬಡದದ್ದು ಅಂತ ಬಿಲ್ಲಿನಾಗ ಬರೀರಿ. ಬಡದಾಂವನ ಹೆಸರೂ ಬರೀರಿ."

ಮೊದಲನೆಯದನ್ನು ಬರೆದರು, ಎರಡನೆಯದನ್ನು ಬರೆಯಲಿಲ್ಲ. ಹಂಸಕ್ಕೂ ರಾಯರು ಒಂದು ಪತ್ರ ಹಾಕಿದರು. ಹಂಸ ಇನ್ನೂ ಯೋಚನೆ ಮಾಡುತ್ತಿದೆ.

ಹೊರಗೆ ಬಂದ ಮೇಲೆ ಶೋಭಾಬಾಯಿ ಕೇಳಿದರು: "ಅಲ್ಲೋ ರಾಮದಾಸಣ್ಣ, ನಮಗ ಅಷ್ಟು ಬೈದು, ಹಿಂದಿನ ಗೇಟಿನಿಂದ ನೀನೂ ಇಲ್ಲೇ ಸೇರಿದ್ದೇನು?"

"ಕಾಫಿ ಹ್ಯಾಂಗಿತ್ರಿ ಅಕ್ಕಾರ?" ಎಂದ ರಾಮದಾಸ.

"ನೀರು," ಎಂದರು.

ಹಿಂದಿನ ಗೇಟು ಅವತ್ತೇ ಮುಚ್ಚಿತು. ಆ ವರ್ಷವನ್ನು ಅವನು ಆಟೋಗಳ ಮಡ್ಗಾರ್ಡ್ ಬಡಿದೇ ಕಳೆದ. ಹುಡುಗರು ಕಾರು ಕೊಳ್ಳುತ್ತಲೇ ಇದ್ದರು, ಗುದ್ದುತ್ತಲೇ ಇದ್ದರು, ಗಾಜಿನ ಈಚೆ ಕೂತು ಕಾಫಿ ಕುಡಿಯುತ್ತಲೇ ಇದ್ದರು.

ಮುಂದಿನ ಸಲ ಅವಧಿ ಮುಗಿಯುವ ವಾರ ರಾಯರು ಮತ್ತೆ ಬಂದರು. ಈ ಸಲ ಕಾಗದದ ಜೊತೆ ಜಯತೀರ್ಥನನ್ನೇ ಸ್ಕೂಟರಿನ ಸಮೇತ ಎಳೆದು ತಂದಿದ್ದರು. "ಹಕ್ಕಿ ಎರಡೂ ಕಡೆ ಒಂದ ಐತಿ, ಒಪ್ಪಿದೆ," ಎಂದರು. "ಆದ್ರ ಗಾಡಿ ಎಲ್ಲೆ ಬಡಸಬೇಕು ಅನ್ನೂದು ನನ್ನ ಕೈಯಾಗ ಇರ್ಲಿ. ಈತನ ಕಾಗದ ಮಾಡಸ್ತೀನಿ."

ಜಯತೀರ್ಥ ಬಣ್ಣದ ಡಬ್ಬಿಯ ಮೇಲೆ ಕೂತು ಹಲ್ಲು ಕಿರಿದ. "ನಾ ಯಾವಾಗ್ಲೂ ಸೇವಾಕ್ಕ ತಯಾರ್ ಇರ್ತೀನ್ರಿ."

"ತಯಾರ್ ಇರ್ತೀ?" ರಾಮದಾಸ ಸೀಮೆಸುಣ್ಣದ ತುಂಡೊಂದನ್ನು ಅವನ ಕೈಗಿಟ್ಟು ಶೆಡ್ಡಿನ ತಗಡಿನತ್ತ ತಳ್ಳಿದ. "ನಿನ್ನ ನಂಬರ್ ಅಲ್ಲೆ ಬರಿ. ದೊಡ್ಡದಾಗಿ."

ಜಯತೀರ್ಥ ಬರೆದ.

"ಇದು ಆಂವ ಎತ್ತದ ನಂಬರ್," ಎಂದರು ಕಾರಿನೊಳಗಿನಿಂದ ಶೋಭಾಬಾಯಿ. "ಶಾಮಲಾ ಅಕ್ಕಾರ ನಂಬರೂ ಬರಸು. ಹೆಂಡತಿಯಾದ್ರ ಎತ್ತತಾಳ."

ಜಯತೀರ್ಥನ ಮುಖ ಬಾಡಿತು. ಸೀಮೆಸುಣ್ಣವನ್ನು ಡಬ್ಬಿಯ ಮೇಲಿಡಲು ಹೋದ. ರಾಮದಾಸ ಪಂಚು ಎತ್ತಿಕೊಂಡು, ಅಲ್ಲೂ ಚುಕ್ಕಿ ಹೊಡೆಯುವವನಂತೆ, ಅವನ ಸ್ಕೂಟರಿನ ಕಡೆ ಎರಡು ಹೆಜ್ಜೆ ಹಾಕಿದ.

"ಬರೀತೀನೋ ಮಾರಾಯ, ಬರೀತೀನಿ!" ಎಂದು ಜಯತೀರ್ಥ ತಗಡಿನತ್ತ ತಿರುಗಿದ.