ಮಂತ್ರಿಗಳು ಒಡೆದ ಬದು

ಕಾರಿನಿಂದಿಳಿದ ಮಂತ್ರಿಗಳು ಪಂಚೆ ಎತ್ತಿ ಕಟ್ಟಿ ನೇರ ನಮ್ಮ ಗದ್ದೆಗೆ ಬಂದು, ನನ್ನ ಕೈಲಿದ್ದ ಗುದ್ದಲಿ ಕಸಿದುಕೊಂಡು ಬದು ಒಡೆದೇಬಿಟ್ಟರು. ತೊಂಬತ್ತರ ದಶಕ, ಪಾಂಡವಪುರದ ಹತ್ತಿರ ನಾಲೆ ನೋಡಲು ಬಂದಿದ್ದರು. ಅವರೂ ಮೊದಲು ನಮ್ಮಂತೆ ಭತ್ತ ಬೆಳೆದವರೇ.

“ಇಷ್ಟ್ ನೀರ್ ನಿಲ್ಸುದ್ರೆ ಬೇರು ಕೊಳೀತದೆ ಕಣ್ಲಾ,” ಅಂದರು.

“ಅಣ್ಣ, ಈಗಷ್ಟೇ ಯೂರಿಯಾ ಎರಚಿವ್ನಿ,” ಅಂದೆ. ಹಿಂಬಾಲಕರ ಚಪ್ಪಾಳೆಯಲ್ಲಿ ನನ್ನ ಮಾತು ಯಾರಿಗೆ ಕೇಳಬೇಕು? ಫೋಟೊ ತೆಗೆಸಿಕೊಂಡು ಹೊರಟರು. ಗೊಬ್ಬರದ ನೀರೆಲ್ಲ ಕೆಳಗಿದ್ದ ಚಿಕ್ಕಪ್ಪನ ಗದ್ದೆಗೆ ಹರಿಯಿತು.

ಆ ಸಲ ನನ್ನ ಪೈರು ಹಳದಿ, ಚಿಕ್ಕಪ್ಪನದು ಕಪ್ಪು ಹಸಿರು. ಈಗಲೂ ಚುನಾವಣೆ ಬಂದರೆ ಸಾಕು, ಚಿಕ್ಕಪ್ಪ ನನ್ನ ಮುಂದೆಯೇ ಹೇಳುತ್ತಾರೆ: “ಮಂತ್ರಿ ಅಂದ್ರೆ ಅವ್ರು ಕಣ್ಲಾ. ಬೇಸಾಯ ಗೊತ್ತಿತ್ತು.”